ಕಾಲೇಜು ಊರಿನಲ್ಲಿ ನೆಲೆಸುವುದಾದರೆ: ಮಣಿಪಾಲ, ಧಾರವಾಡ, ಮೂಡುಬಿದಿರೆಗಳ ಒಂದು ಹೋಲಿಕೆ

ಕಳೆದ ಕೆಲವು ತಿಂಗಳಲ್ಲಿ ಮೂರು ಮನೆಯವರು ನನ್ನನ್ನು ಹೆಚ್ಚುಕಡಿಮೆ ಒಂದೇ ಪ್ರಶ್ನೆ ಕೇಳಿದರು. ಮೊದಲನೆಯವರು ಹೈಸ್ಕೂಲಿನಲ್ಲಿ ಪಾಠ ಹೇಳಿ ನಿವೃತ್ತರಾದ ದಂಪತಿ. ಬೆಂಗಳೂರಿನ ಗದ್ದಲ ಸಾಕಾಗಿದೆ, ಹಳ್ಳಿಗೆ ಮರಳಲು ಧೈರ್ಯವಿಲ್ಲ, ಪುಸ್ತಕ ಮತ್ತು ಆಸ್ಪತ್ರೆ ಎರಡೂ ಹತ್ತಿರವಿರುವ ಊರು ಬೇಕು ಎನ್ನುತ್ತಾರೆ. ಎರಡನೆಯವರು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಹುಡುಕುತ್ತಿರುವ ಯುವಕ. ಹೆಂಡತಿಯದು ಮನೆಯಿಂದಲೇ ಮಾಡುವ ಕಂಪ್ಯೂಟರ್ ಕೆಲಸ, ಮಗು ಇನ್ನೇನು ಶಾಲೆಗೆ ಸೇರಬೇಕು. ಮೂರನೆಯವರು ಹೊಲ ಮಾರಿದ ಹಣದಲ್ಲಿ ನಿವೇಶನ ಕೊಂಡು, ಕೆಳಗೆ ತಾವಿದ್ದು ಮೇಲೆ ಪಿಜಿ ನಡೆಸಬೇಕೆಂದಿರುವವರು. ಮೂವರ ಮನಸ್ಸಿನಲ್ಲಿದ್ದ ಊರುಗಳೂ ಹೆಚ್ಚುಕಡಿಮೆ ಇವೇ: ಮಣಿಪಾಲ, ಧಾರವಾಡ, ಮೂಡುಬಿದಿರೆ.

ಬ್ಯಾಂಕಿನ ಕೆಲಸ ನನ್ನನ್ನು ಮಣಿಪಾಲದಲ್ಲಿ ಆರು ವರ್ಷ, ಧಾರವಾಡದಲ್ಲಿ ಹನ್ನೊಂದು ವರ್ಷ ಇರಿಸಿತು. ಮೂಡುಬಿದಿರೆಯಲ್ಲಿ ನನ್ನ ಅಕ್ಕನ ಮನೆಯಿದ್ದು, ಅಲ್ಲಿಗೆ ವರ್ಷಕ್ಕೆ ಎರಡು ಮೂರು ಸಲ ಹೋಗಿ ವಾರಗಟ್ಟಲೆ ಇದ್ದು ಬರುತ್ತೇನೆ. ಸಾಲದ ಅರ್ಜಿಗಳನ್ನು ಓದುವುದೇ ನನ್ನ ಉದ್ಯೋಗವಾಗಿದ್ದರಿಂದ, ಇಂಥ ಊರುಗಳಲ್ಲಿ ಯಾರು ಎಷ್ಟು ಹಣ ಹೂಡುತ್ತಾರೆ, ಯಾವ ತಿಂಗಳಲ್ಲಿ ಕಂತು ಕಟ್ಟಲು ಒದ್ದಾಡುತ್ತಾರೆ ಎಂಬುದನ್ನು ಹತ್ತಿರದಿಂದ ನೋಡಿದ್ದೇನೆ. ಊರು ಹೇಗಿದೆ ಎಂದು ವಿವರಿಸುವ ಮೊದಲು ಯಾವ ಮಾನದಂಡಗಳಿಂದ ಅಳೆಯಬೇಕು ಎಂಬುದನ್ನು ಹೇಳುವುದು ಸರಿಯೆನಿಸುತ್ತದೆ, ಏಕೆಂದರೆ ಎಲ್ಲ ಕಾಲೇಜು ಊರುಗಳೂ ಸೆಪ್ಟೆಂಬರಿನ ಒಂದು ಸಂಜೆ ನೋಡಿದವರಿಗೆ ಚೆನ್ನಾಗಿಯೇ ಕಾಣುತ್ತವೆ.

ಅಳೆಯಬೇಕಾದದ್ದು ಏನನ್ನು

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ: ಕಾಲೇಜಿಗೆ ರಜೆ ಬಿದ್ದಾಗ ಆ ಊರಿನಲ್ಲಿ ಏನು ಉಳಿಯುತ್ತದೆ? ಕಾಲೇಜು ಇದ್ದಲ್ಲೆಲ್ಲ ಹೋಟೆಲು, ಝೆರಾಕ್ಸ್ ಅಂಗಡಿ, ಆಟೋ, ಬಾಡಿಗೆ ಮನೆ ಇದ್ದೇ ಇರುತ್ತವೆ. ಆದರೆ ಕೆಲವು ಊರುಗಳು ಕಾಲೇಜಿಗೆ ಮೊದಲೇ ಇದ್ದವು. ಅವುಗಳಿಗೆ ಸ್ವಂತ ಪೇಟೆ, ದೇವಸ್ಥಾನ, ಸಂತೆ, ಕಚೇರಿಗಳಿವೆ. ಇನ್ನು ಕೆಲವು ಊರುಗಳನ್ನು ಕಾಲೇಜೇ ಕಟ್ಟಿತು. ಮೊದಲ ಬಗೆಯ ಊರಿನಲ್ಲಿ ರಜೆಯೆಂದರೆ ತುಸು ಬಿಡುವು, ಎರಡನೆಯದರಲ್ಲಿ ಅರ್ಧ ಊರೇ ಬಾಗಿಲು ಹಾಕಿದ ಹಾಗೆ. ನೀವು ವರ್ಷದ ಹನ್ನೆರಡೂ ತಿಂಗಳು ಅಲ್ಲಿರುವವರು; ಅಲ್ಲಿನ ವ್ಯವಸ್ಥೆಯ ದೊಡ್ಡ ಪಾಲು ಒಂಬತ್ತು ಹತ್ತು ತಿಂಗಳು ಇರುವವರಿಗಾಗಿ ರೂಪುಗೊಂಡದ್ದು. ಈ ಅಂತರವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಮನೆ ಮಾಡಿದವರು ಮೊದಲ ಬೇಸಿಗೆಯಲ್ಲೇ ಗಾಬರಿಯಾದದ್ದನ್ನು ಕಂಡಿದ್ದೇನೆ.

ಎರಡನೆಯದು ಬಾಡಿಗೆಯ ಲೆಕ್ಕ. ಕಾಲೇಜು ಊರಿನಲ್ಲಿ ಮನೆಗೆ ಬಾಡಿಗೆಯಲ್ಲ, ತಲೆಗೆ ಬಾಡಿಗೆ. ಅರ್ಥವಾಗಲೆಂದು ಒಂದು ಉದಾಹರಣೆ ಕೊಡುತ್ತೇನೆ: ಎರಡು ಕೋಣೆ, ಒಂದು ನಡುಮನೆ ಇರುವ ಜಾಗಕ್ಕೆ ನಾಲ್ವರು ವಿದ್ಯಾರ್ಥಿಗಳು ತಲಾ 6,000 ರೂಪಾಯಿ ಕೊಟ್ಟರೆ ಮಾಲೀಕರ ಕೈಗೆ 24,000 ಬರುತ್ತದೆ, ಅದೇ ಮನೆಗೆ ಒಂದು ಸಂಸಾರ ಕೊಡಬಲ್ಲದ್ದು 15,000 ಎಂದಿಟ್ಟುಕೊಳ್ಳಿ. ಸಂಸಾರಸ್ಥರಿಗೆ ಕೊಟ್ಟರೆ ಮನೆ ಚೊಕ್ಕಟವಾಗಿರುತ್ತದೆ, ಬಾಡಿಗೆ ಹನ್ನೆರಡು ತಿಂಗಳೂ ಬರುತ್ತದೆ ಎಂಬ ಸಮಾಧಾನವಿದ್ದರೂ, ವ್ಯತ್ಯಾಸ ಇಷ್ಟು ದೊಡ್ಡದಾದಾಗ ಮಾಲೀಕರ ಮನಸ್ಸು ತೂಗಾಡುವುದು ಸಹಜ. ನಮಗೂ ಹಾಗೆಯೇ ಆಯಿತು. ಮಣಿಪಾಲದಲ್ಲಿ ಎರಡನೆಯ ವರ್ಷ, ಮಗಳ ಪರೀಕ್ಷೆಗೆ ಮೂರು ವಾರವಿದ್ದಾಗ, ಹನ್ನೊಂದು ತಿಂಗಳ ಕರಾರು ಮುಗಿಯಿತೆಂದು ಮನೆ ಖಾಲಿ ಮಾಡಿಸಿಕೊಂಡರು. ಕಾನೂನಿನಂತೆ ಅವರು ಸರಿಯೇ ಇದ್ದರು. ಕರಾರನ್ನು ಸರಿಯಾಗಿ ಓದದಿದ್ದವನು ನಾನು. ಅಂದಿನಿಂದ ಯಾರೇ ಕೇಳಿದರೂ, ಕಾಲೇಜಿನ ಗೇಟಿನಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ ಸಂಸಾರ ಹೂಡಬೇಡಿ, ಎರಡು ಮೂರು ಕಿಲೋಮೀಟರ್ ಆಚೆ ಹೋಗಿ ಎಂದೇ ಹೇಳುತ್ತೇನೆ.

ಮೂರನೆಯದು ನೀರು, ಅದರಲ್ಲೂ ಏಪ್ರಿಲ್ ಮತ್ತು ಮೇ ತಿಂಗಳ ನೀರು. ನಾಲ್ಕನೆಯದು ಆಸ್ಪತ್ರೆ. ಐದನೆಯದು ಓಡಾಟ: ರೈಲು, ರಾತ್ರಿ ಬಸ್ಸು, ಮಕ್ಕಳು ಹೊರದೇಶದಲ್ಲಿರುವವರಿಗೆ ವಿಮಾನ ನಿಲ್ದಾಣ. ಇವೆಲ್ಲ ಕೇಳಿ ತಿಳಿಯಬಹುದಾದ ಸಂಗತಿಗಳು. ಆರನೆಯದನ್ನು ಮಾತ್ರ ಇದ್ದೇ ತಿಳಿಯಬೇಕು: ನೆರೆಹೊರೆಯವರು ಮುಂದಿನ ವರ್ಷವೂ ಅಲ್ಲೇ ಇರುತ್ತಾರೆಯೇ, ಸಂಜೆಯ ಹೊತ್ತು ನಿಮಗೆ ಕನ್ನಡದಲ್ಲಿ ಮಾತನಾಡಲು, ಕೇಳಲು, ನೋಡಲು ಏನಾದರೂ ಸಿಗುತ್ತದೆಯೇ ಎಂಬುದು.

ಮಣಿಪಾಲ: ಕಾಲೇಜೇ ಕಟ್ಟಿದ ಊರು

ಮಣಿಪಾಲವು ಮುರಕಲ್ಲಿನ ಗುಡ್ಡದ ಮೇಲಿರುವ ಊರು. ಡಾ. ಟಿ.ಎಂ.ಎ. ಪೈ ಅವರು 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜನ್ನು ಆರಂಭಿಸಿದರು, 1957ರಲ್ಲಿ ಇಂಜಿನಿಯರಿಂಗ್ ಕಾಲೇಜು ಬಂದಿತು, 1993ರಲ್ಲಿ ಇಡೀ ಸಂಸ್ಥೆ ಡೀಮ್ಡ್ ವಿಶ್ವವಿದ್ಯಾಲಯವಾಯಿತು. ದಿನಪತ್ರಿಕೆ 'ಉದಯವಾಣಿ' ಇಲ್ಲಿಂದಲೇ 1970ರಲ್ಲಿ ಹೊರಡತೊಡಗಿತು. ಸಿಂಡಿಕೇಟ್ ಬ್ಯಾಂಕಿನ ಕೇಂದ್ರ ಕಚೇರಿಯೂ, 2020ರ ಏಪ್ರಿಲ್‌ನಲ್ಲಿ ಅದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಗುವವರೆಗೆ, ಇಲ್ಲಿಯೇ ಇತ್ತು. ಅಂದರೆ ಪೇಟೆಯೊಂದು ಮೊದಲಿದ್ದು ಅದಕ್ಕೆ ಕಾಲೇಜು ಬಂದದ್ದಲ್ಲ. ಕಾಲೇಜು, ಆಸ್ಪತ್ರೆ, ಬ್ಯಾಂಕುಗಳ ಸುತ್ತ ಪೇಟೆ ಬೆಳೆಯಿತು. ವಿದ್ಯಾರ್ಥಿಗಳು ದೇಶದ ಎಲ್ಲ ಮೂಲೆಗಳಿಂದ ಬರುತ್ತಾರೆ. ಟೈಗರ್ ಸರ್ಕಲ್ಲಿನ ಸುತ್ತ ಸಂಜೆ ಕೇಳಿಸುವುದು ಹಿಂದಿ ಮತ್ತು ಇಂಗ್ಲಿಷ್. ಗುಡ್ಡ ಇಳಿದು ಪರ್ಕಳಕ್ಕೋ ಅಲೆವೂರಿಗೋ ಹೋದರೆ ತುಳು, ಕೊಂಕಣಿ, ಕುಂದಾಪುರದ ಕಡೆಯ ಕನ್ನಡ.

ಮೇ ತಿಂಗಳ ಕೊನೆಯ ಮಣಿಪಾಲವನ್ನು ನೋಡಬೇಕು. ಪರೀಕ್ಷೆಗಳು ಮುಗಿಯುತ್ತಿದ್ದಂತೆ ವಿದ್ಯಾರತ್ನ ನಗರದ ಗೇಟುಗಳ ಹೊರಗೆ ಪ್ಲಾಸ್ಟಿಕ್ ಬಕೆಟ್ಟು, ಮಡಚಿದ ಹಾಸಿಗೆ, ಟೇಬಲ್ ಫ್ಯಾನು, ಒಂದು ಚಕ್ರಕ್ಕೆ ಗಾಳಿಯಿಲ್ಲದ ಸೈಕಲ್ಲು ಸಾಲಾಗಿ ಬಂದು ಕೂರುತ್ತವೆ. ಕೆಲವನ್ನು ಮಾರುತ್ತಾರೆ, ಹೆಚ್ಚಿನವನ್ನು ಬಿಟ್ಟು ಹೋಗುತ್ತಾರೆ. ನಮ್ಮ ಮನೆಗೆ ಕೆಲಸಕ್ಕೆ ಬರುತ್ತಿದ್ದ ಅಮ್ಮನೊಬ್ಬರು ಪ್ರತಿ ವರ್ಷ ಆ ವಾರ ಎರಡು ದಿನ ರಜೆ ಕೇಳಿ, ಬಿಟ್ಟುಹೋದ ಬಕೆಟ್ಟುಗಳನ್ನು ಆರಿಸಿ ತೊಳೆದು ಇಡುತ್ತಿದ್ದರು. ಹೊಸ ಮಕ್ಕಳು ಬಂದಾಗ ಅವೇ ಬಕೆಟ್ಟುಗಳು ಮಾರಾಟವಾಗುತ್ತಿದ್ದವು. ಅಷ್ಟರಲ್ಲಿ ಮಳೆ ಹಿಡಿಯುತ್ತದೆ. ಉಡುಪಿಯ ಈ ಭಾಗಕ್ಕೆ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಜೂನ್ ತಿಂಗಳ ರಾತ್ರಿ ಎಂಟಕ್ಕೆ ಹೊರಬಂದರೆ ಅರ್ಧದಷ್ಟು ತಿಂಡಿ ಅಂಗಡಿಗಳು ಮುಚ್ಚಿರುತ್ತವೆ, ಬೀದಿಯಲ್ಲಿ ಮಳೆಯ ಸದ್ದು ಬಿಟ್ಟರೆ ಬೇರೇನಿಲ್ಲ. ನನಗೆ ಆ ಮೌನ ಬಹಳ ಪ್ರಿಯವಾಗಿತ್ತು. ನನ್ನ ಹೆಂಡತಿಗೆ ಅದು ಉಸಿರುಕಟ್ಟಿಸುತ್ತಿತ್ತು. ಇಬ್ಬರದೂ ನಿಜವಾದ ಅನುಭವವೇ, ಆದ್ದರಿಂದ ಮನೆ ಮಾಡುವ ಮೊದಲು ಮನೆಯ ಎಲ್ಲರನ್ನೂ ಕರೆದುಕೊಂಡು ಹೋಗಿ ನೋಡುವುದು ಒಳ್ಳೆಯದು.

ಇಷ್ಟು ಮಳೆ ಬೀಳುವ ಊರಿನಲ್ಲಿ ನೀರಿಗೆ ಕೊರತೆಯೇ ಎಂದು ಹೊರಗಿನವರು ಆಶ್ಚರ್ಯಪಡುತ್ತಾರೆ. ಉಡುಪಿ ಮತ್ತು ಮಣಿಪಾಲಕ್ಕೆ ನೀರು ಬರುವುದು ಸ್ವರ್ಣಾ ನದಿಗೆ ಬಜೆಯಲ್ಲಿ ಕಟ್ಟಿದ ಅಣೆಕಟ್ಟೆಯಿಂದ. ನದಿ ಚಿಕ್ಕದು, ಕಟ್ಟೆ ಹೆಚ್ಚು ಹಿಡಿದಿಡಲಾರದು, ಮುರಕಲ್ಲಿನ ಗುಡ್ಡದ ಮೇಲೆ ಬಿದ್ದ ಮಳೆ ಬೇಗ ಇಳಿದು ಹೋಗುತ್ತದೆ. ಮುಂಗಾರು ಒಂದು ವಾರ ತಡವಾದರೂ ಮೇ ತಿಂಗಳಲ್ಲಿ ಟ್ಯಾಂಕರುಗಳ ಓಡಾಟ ಶುರುವಾಗುತ್ತದೆ; 2019ರ ಬೇಸಿಗೆಯಲ್ಲಿ ಬಹಳ ಕಷ್ಟವಾಯಿತು. ಆದ್ದರಿಂದ ಇಲ್ಲಿ ಮನೆ ನೋಡುವವರು ಗೋಡೆ, ನೆಲ, ಬಾಲ್ಕನಿಗಳನ್ನು ಆಮೇಲೆ ನೋಡಲಿ, ಮೊದಲು ಬಾವಿಯಿದೆಯೇ, ಅದರಲ್ಲಿ ಮೇ ತಿಂಗಳಲ್ಲಿ ಎಷ್ಟು ಕೋಲು ನೀರಿರುತ್ತದೆ ಎಂದು ಕೇಳಲಿ. ಗುಡ್ಡದ ಮೇಲಿಗಿಂತ ಅಲೆವೂರು, ಪರ್ಕಳ, ಪೆರಂಪಳ್ಳಿಗಳ ಕಡೆ ಬಾವಿಯಿರುವ ಮನೆ ಸಿಗುವ ಸಾಧ್ಯತೆ ಹೆಚ್ಚು.

ಆಸ್ಪತ್ರೆಯ ವಿಷಯದಲ್ಲಿ ಈ ಮೂರು ಊರುಗಳ ಪೈಕಿ ಮಣಿಪಾಲಕ್ಕೆ ಸಾಟಿಯಿಲ್ಲ. ಕಸ್ತೂರ್ಬಾ ಆಸ್ಪತ್ರೆಯಲ್ಲಿ ಹೃದಯ, ಮೂತ್ರಪಿಂಡ, ಕ್ಯಾನ್ಸರ್, ನರರೋಗ ಎಲ್ಲಕ್ಕೂ ತಜ್ಞರು ಒಂದೇ ಆವರಣದಲ್ಲಿದ್ದಾರೆ. ಮಣಿಪಾಲ ಆರೋಗ್ಯ ಕಾರ್ಡು ಮಾಡಿಸಿಕೊಂಡರೆ ಹೊರರೋಗಿ ತಪಾಸಣೆಯಲ್ಲಿ ರಿಯಾಯಿತಿಯೂ ಸಿಗುತ್ತದೆ. ಡಯಾಲಿಸಿಸ್‌ನಂಥ, ವಾರಕ್ಕೆರಡು ಮೂರು ಸಲ ಹೋಗಲೇಬೇಕಾದ ಚಿಕಿತ್ಸೆಯಲ್ಲಿರುವವರು ನಿಮ್ಮ ಮನೆಯಲ್ಲಿದ್ದರೆ, ಬೇರೆ ಯಾವ ಮಾನದಂಡವನ್ನೂ ನೋಡದೆ ಮಣಿಪಾಲವನ್ನೇ ಆರಿಸಿಕೊಳ್ಳಬಹುದು. ಓಡಾಟಕ್ಕೂ ಚಿಂತೆಯಿಲ್ಲ: ಕೊಂಕಣ ರೈಲ್ವೆಯ ಉಡುಪಿ ನಿಲ್ದಾಣ ಇರುವುದು ಮಣಿಪಾಲಕ್ಕೆ ಹೋಗುವ ದಾರಿಯ ಇಂದ್ರಾಳಿಯಲ್ಲಿ, ಉಡುಪಿ ಪೇಟೆಗೆ ನಿಮಿಷ ನಿಮಿಷಕ್ಕೂ ಸಿಟಿ ಬಸ್ಸು, ಮಂಗಳೂರು ವಿಮಾನ ನಿಲ್ದಾಣಕ್ಕೆ ಸುಮಾರು 60 ಕಿಲೋಮೀಟರ್. ಮಣಿಪಾಲದಲ್ಲಿ ಇಲ್ಲದ್ದು ಉಡುಪಿಯಲ್ಲಿದೆ ಎಂಬುದನ್ನೂ ಮರೆಯಬಾರದು. ರಥಬೀದಿ, ಕೃಷ್ಣಮಠದ ರಾಜಾಂಗಣದ ಕಾರ್ಯಕ್ರಮಗಳು, ನವೆಂಬರಿನಿಂದ ಮೇ ತಿಂಗಳವರೆಗೆ ಸುತ್ತಮುತ್ತಲಿನ ಬಯಲುಗಳಲ್ಲಿ ಯಕ್ಷಗಾನ: ಐದಾರು ಕಿಲೋಮೀಟರ್ ದೂರದಲ್ಲಿ ಸಾವಿರ ವರ್ಷದ ಊರೊಂದು ಇರುವುದರಿಂದಲೇ ಮಣಿಪಾಲದ ರಜೆಯ ತಿಂಗಳುಗಳು ಸಹ್ಯವಾಗುತ್ತವೆ.

ದುಡ್ಡಿನ ದೃಷ್ಟಿಯಿಂದ ಮೂರರಲ್ಲಿ ಇದೇ ದುಬಾರಿ. ಮನೆ ಬಾಡಿಗೆಯಷ್ಟೇ ಅಲ್ಲ, ಹೋಟೆಲಿನ ಊಟ, ಆಟೋ, ತರಕಾರಿ ಎಲ್ಲವೂ ಹೊರರಾಜ್ಯದ ಉಳ್ಳವರ ಮಕ್ಕಳ ಜೇಬಿಗೆ ಹೊಂದಿಕೊಂಡ ದರದಲ್ಲಿರುತ್ತವೆ. ಗುಡ್ಡದ ಮೇಲಿನ ಅಂಗಡಿಯಲ್ಲಿ ಕೊಳ್ಳುವ ಅಭ್ಯಾಸ ಬಿಟ್ಟು ಉಡುಪಿಯ ಮಾರುಕಟ್ಟೆಗೆ ವಾರಕ್ಕೊಮ್ಮೆ ಹೋಗಿಬಂದರೆ ತಿಂಗಳ ಖರ್ಚು ಎದ್ದು ಕಾಣುವಷ್ಟು ಇಳಿಯುತ್ತದೆ.

ಧಾರವಾಡ: ವರ್ಷವಿಡೀ ಓದುವ ಊರು

ಧಾರವಾಡಕ್ಕೆ ಕಾಲೇಜುಗಳು ಒಂದರ ಹಿಂದೆ ಒಂದು, ಬೇರೆ ಬೇರೆಯವರ ಪ್ರಯತ್ನದಿಂದ ಬಂದವು. ವಿಶ್ವವಿದ್ಯಾಲಯಕ್ಕಿಂತ ಎಷ್ಟೋ ಮೊದಲು, 1890ರಲ್ಲಿ, ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಕರ್ನಾಟಕ ಕಾಲೇಜು ಶುರುವಾದದ್ದು 1917ರಲ್ಲಿ, ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಮುಂಬಯಿಯಲ್ಲಿ ಆರಂಭವಾಗಿ ಮರುವರ್ಷ ಇಲ್ಲಿಗೆ ಬಂತು. ಕೃಷಿ ವಿಶ್ವವಿದ್ಯಾಲಯ 1986ರಲ್ಲಿ, ಐಐಟಿ 2016ರಲ್ಲಿ. 2008ರಿಂದ ಹೈಕೋರ್ಟಿನ ಪೀಠವೂ ಇದೆ. ಹೀಗಾಗಿ ಒಂದು ಸಂಸ್ಥೆಗೆ ರಜೆ ಬಿದ್ದರೆ ಇನ್ನೊಂದರಲ್ಲಿ ತರಗತಿ ನಡೆದಿರುತ್ತದೆ. ಊರಿನ ಹೊಟ್ಟೆಪಾಡು ಯಾವ ಒಂದು ಗೇಟಿಗೂ ಕಟ್ಟುಬಿದ್ದಿಲ್ಲ.

ಇಷ್ಟೇ ಅಲ್ಲ, ಧಾರವಾಡದ ವಿದ್ಯಾರ್ಥಿಗಳಲ್ಲಿ ದೊಡ್ಡದೊಂದು ಪಾಲು ಯಾವ ಕಾಲೇಜಿನ ರಿಜಿಸ್ಟರಿನಲ್ಲೂ ಇಲ್ಲ. ಅವರು ಪಿಎಸ್‌ಐ, ಎಫ್‌ಡಿಎ, ಕೆಎಎಸ್ ಪರೀಕ್ಷೆಗಳಿಗೆ ತಯಾರಿ ಮಾಡಲು ಬಾಗಲಕೋಟೆ, ವಿಜಯಪುರ, ಕೊಪ್ಪಳ, ರಾಯಚೂರು, ಗದಗ, ಹಾವೇರಿಗಳಿಂದ ಬಂದು ಸಪ್ತಾಪುರದ ಸುತ್ತಮುತ್ತ ರೂಮು ಹಿಡಿದವರು. ಬೆಳಗಿನ ಐದೂವರೆಗೆ ವಾಕಿಂಗ್ ಹೋಗುವಾಗ ರೀಡಿಂಗ್ ರೂಮುಗಳ ಮೆಟ್ಟಿಲ ಮೇಲೆ ಆಗಲೇ ನಲವತ್ತು ಐವತ್ತು ಜೊತೆ ಚಪ್ಪಲಿ ಕಾಣುತ್ತಿದ್ದವು. ಒಳಗೆ ಟ್ಯೂಬ್‌ಲೈಟಿನ ಕೆಳಗೆ, ಹಲಗೆ ಅಡ್ಡಗಟ್ಟಿದ ಪುಟ್ಟ ಪುಟ್ಟ ಜಾಗಗಳಲ್ಲಿ, ಗೋಡೆಗೆ ಸಂವಿಧಾನದ ವಿಧಿಗಳ ಪಟ್ಟಿ ಅಂಟಿಸಿಕೊಂಡು ಹುಡುಗ ಹುಡುಗಿಯರು ಸದ್ದಿಲ್ಲದೆ ಓದುತ್ತಿರುತ್ತಾರೆ. ಕೆಲವರಿಗೆ ಊರಿನಿಂದ ರೊಟ್ಟಿಯ ಬುತ್ತಿ ಬಸ್ಸಿನಲ್ಲಿ ಬರುತ್ತದೆ. ತಾಯಿ ಕಟ್ಟಿಕೊಟ್ಟ ಬುತ್ತಿಯನ್ನು ಕಂಡಕ್ಟರರ ಕೈಗೆ ಒಪ್ಪಿಸಿರುತ್ತಾರೆ. ಬಸ್ಸು ನಿಲ್ದಾಣಕ್ಕೆ ಬರುವ ಹೊತ್ತಿಗೆ ಹುಡುಗ ಕಾದು ನಿಂತಿದ್ದು, ಹೆಸರು ಬರೆದ ಗಂಟನ್ನು ಬಿಚ್ಚದೆ ಎದೆಗವಚಿಕೊಂಡು ಹೋಗುತ್ತಾನೆ. ಇಂಥ ಊರಿನಲ್ಲಿ ನಿಮ್ಮ ಮಕ್ಕಳು ಬೆಳೆದರೆ ಓದು ಎಂದರೆ ಏನು, ಅದಕ್ಕೆ ಮನೆಮಂದಿ ತೆರುವ ಬೆಲೆ ಏನು ಎಂಬುದು ಅವರಿಗೆ ಯಾರೂ ಹೇಳದೆಯೇ ತಿಳಿಯುತ್ತದೆ. ನಾನು ಧಾರವಾಡವನ್ನು ಮೆಚ್ಚುವುದಕ್ಕೆ ಇದು ಮುಖ್ಯ ಕಾರಣ, ಮತ್ತು ಈ ಮೆಚ್ಚುಗೆ ನನ್ನ ತೂಕದ ತಕ್ಕಡಿಯಲ್ಲಿ ಸೇರಿದೆ ಎಂಬುದನ್ನು ಓದುಗರು ಗಮನದಲ್ಲಿಟ್ಟುಕೊಳ್ಳಬೇಕು.

ಆದರೆ ಈ ಓದುವ ಜನಸಂಖ್ಯೆಗೆ ಅದರದೇ ಏರಿಳಿತವಿದೆ. ನೇಮಕಾತಿಯ ಅಧಿಸೂಚನೆ ಹೊರಬಿದ್ದರೆ ಸಪ್ತಾಪುರ, ಕಲ್ಯಾಣನಗರಗಳಲ್ಲಿ ಒಂದು ರೂಮೂ ಖಾಲಿ ಸಿಗದು. ಅಧಿಸೂಚನೆ ವರ್ಷಗಟ್ಟಲೆ ಬಾರದಿದ್ದರೆ ಖಾನಾವಳಿಯವರ ಉದ್ರಿ ಪುಸ್ತಕ ದಪ್ಪವಾಗುತ್ತದೆ, ಹುಡುಗರು ಒಬ್ಬೊಬ್ಬರಾಗಿ ಊರಿಗೆ ಮರಳುತ್ತಾರೆ. ಸಂಸಾರಸ್ಥರಿಗೆ ಮಾಳಮಡ್ಡಿ, ನಾರಾಯಣಪುರ, ಸಾಧನಕೇರಿಗಳಂಥ ಹಳೆಯ ನೆರೆಗಳೇ ಒಳ್ಳೆಯವು. ಅಲ್ಲಿ ಎರಡು ಮೂರು ತಲೆಮಾರಿನಿಂದ ಇರುವ ಮನೆಗಳಿವೆ, ಬಾಗಿಲಿಗೆ ಹೂವಿನವರು ಬರುತ್ತಾರೆ, ನೀವು ನಾಲ್ಕು ದಿನ ಕಾಣದಿದ್ದರೆ "ಯಾಕ್ರಿ, ಆರಾಮ ಇಲ್ಲೇನ್ರಿ?" ಎಂದು ಕೇಳುವವರಿದ್ದಾರೆ.

ಧಾರವಾಡದ ದೊಡ್ಡ ಕೊರತೆ ನೀರಿನದೇ, ಆದರೆ ಅದರ ಸ್ವರೂಪ ಬೇರೆ. ನೀರು ಬರುವುದು ಸವದತ್ತಿಯ ಮಲಪ್ರಭಾ ಜಲಾಶಯದಿಂದ. ಕೆಲವು ವಾರ್ಡುಗಳಲ್ಲಿ 2008ರಷ್ಟು ಹಿಂದೆಯೇ ದಿನದ 24 ಗಂಟೆಯೂ ನಲ್ಲಿಯಲ್ಲಿ ನೀರು ಬರುವ ವ್ಯವಸ್ಥೆಯಾಯಿತು. ರಸ್ತೆಯ ಆಚೆ ಬದಿಯ ಇನ್ನೊಂದು ಬಡಾವಣೆಯಲ್ಲಿ ನಾಲ್ಕೈದು ದಿನಕ್ಕೊಮ್ಮೆ, ಕೆಲವೊಮ್ಮೆ ವಾರಕ್ಕೊಮ್ಮೆ ಬರುವುದುಂಟು. ನಾವಿದ್ದ ಮೊದಲ ಮನೆ ಎರಡನೆಯ ಬಗೆಯದು. ರಾತ್ರಿ ಎರಡಕ್ಕೆ ಓಣಿಯಲ್ಲಿ ಯಾರಾದರೂ "ನೀರ ಬಂತ್ರೀ" ಎಂದರೆ ಇಡೀ ಓಣಿಯ ದೀಪ ಹತ್ತುತ್ತಿತ್ತು. ಸಂಪು ತುಂಬಿಸಿ, ಸಿಂಟೆಕ್ಸಿಗೆ ಏರಿಸಿ, ಕೊಡ ಬ್ಯಾರಲ್ಲುಗಳನ್ನು ತುಂಬಿಟ್ಟು ಮಲಗುವ ಹೊತ್ತಿಗೆ ಬೆಳಗಾಗುತ್ತಿತ್ತು. ಎರಡು ಬೀದಿ ಆಚೆಗೆ ಮನೆ ಬದಲಾಯಿಸಿದ ಮೇಲೆ ಆ ಕಷ್ಟ ಪೂರ್ತಿ ಹೋಯಿತು. ಹೀಗಾಗಿ ಧಾರವಾಡದಲ್ಲಿ ಊರಿನ ನೀರಿನ ಪರಿಸ್ಥಿತಿ ಹೇಗಿದೆ ಎಂದು ಕೇಳಿ ಪ್ರಯೋಜನವಿಲ್ಲ. ಆ ಓಣಿಯ, ಆ ಮನೆಯ ನೀರಿನ ದಿನ ಯಾವುದು ಎಂದು ಪಕ್ಕದ ಮನೆಯವರನ್ನೇ ಕೇಳಬೇಕು.

ಆಸ್ಪತ್ರೆಗಳು ಸಾಕಷ್ಟಿವೆ: ಸತ್ತೂರಿನಲ್ಲಿ ಎಸ್‌ಡಿಎಂ ವೈದ್ಯಕೀಯ ಕಾಲೇಜಿನ ಆಸ್ಪತ್ರೆ, ಮನೋರೋಗ ಮತ್ತು ನರರೋಗಕ್ಕೆ ಡಿಮ್ಹಾನ್ಸ್, ಹುಬ್ಬಳ್ಳಿಯಲ್ಲಿ ಕಿಮ್ಸ್ ಎಂದೇ ಜನ ಕರೆಯುವ ಸರ್ಕಾರಿ ವೈದ್ಯಕೀಯ ಕಾಲೇಜು. ಮಣಿಪಾಲದಂತೆ ಎಲ್ಲವೂ ಒಂದೇ ಆವರಣದಲ್ಲಿಲ್ಲ. 2018ರಲ್ಲಿ ಓಡಾಟ ಆರಂಭಿಸಿದ 'ಚಿಗರಿ' ಬಸ್ಸುಗಳಿಂದ ಸುಮಾರು 20 ಕಿಲೋಮೀಟರ್ ದೂರದ ಹುಬ್ಬಳ್ಳಿ, ಅಲ್ಲಿನ ರೈಲು ನಿಲ್ದಾಣ, ವಿಮಾನ ನಿಲ್ದಾಣ ಎಲ್ಲವೂ ಕೈಗೆಟುಕುತ್ತವೆ. ಬೆಂಗಳೂರಿಗೆ 2023ರ ಜೂನ್‌ನಿಂದ ವಂದೇ ಭಾರತ್ ರೈಲೂ ಇದೆ. ಹವೆ ಮೂರರಲ್ಲಿ ಇದೇ ಹಿತ. ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿರುವುದರಿಂದ ಬೇಸಿಗೆಯ ರಾತ್ರಿಗಳಲ್ಲೂ ತಂಗಾಳಿ ಬೀಸುತ್ತದೆ, ಕರಾವಳಿಯ ಬೆವರು ಇಲ್ಲಿಲ್ಲ. ಸಂಜೆಗಳ ವಿಷಯವಂತೂ ಹೇಳಲೇಬೇಕಿಲ್ಲ. ವಿದ್ಯಾವರ್ಧಕ ಸಂಘದಲ್ಲಿ ಉಪನ್ಯಾಸವೋ ಪುಸ್ತಕ ಬಿಡುಗಡೆಯೋ ನಡೆಯುತ್ತಲೇ ಇರುತ್ತದೆ. ಮಲ್ಲಿಕಾರ್ಜುನ ಮನ್ಸೂರರು ಬಾಳಿದ ಊರಿನಲ್ಲಿ ಟಿಕೆಟ್ಟಿಲ್ಲದೆ ಕೇಳಬಹುದಾದ ಸಂಗೀತ ಕಚೇರಿಗಳೂ ಇವೆ. ಖರ್ಚು ಮಣಿಪಾಲಕ್ಕಿಂತ ಸಾಕಷ್ಟು ಕಡಿಮೆ, ಏಕೆಂದರೆ ಇಲ್ಲಿನ ಮೆಸ್ಸು, ಖಾನಾವಳಿ, ರೂಮುಗಳೆಲ್ಲ ರೈತರ ಮಕ್ಕಳ ಕೈಲಾಗುವ ದರಕ್ಕೇ ನಿಂತಿವೆ.

ಮೂಡುಬಿದಿರೆ: ಕಾಲೇಜಿಗಿಂತ ಹಳೆಯ ಪೇಟೆ

ತುಳುವಿನಲ್ಲಿ 'ಬೆದ್ರ' ಎಂದು ಕರೆಯುವ ಮೂಡುಬಿದಿರೆ ಜೈನಕಾಶಿಯೆಂದೇ ಪ್ರಸಿದ್ಧ. ಸಾವಿರ ಕಂಬದ ಬಸದಿ 15ನೇ ಶತಮಾನದ್ದು. ಆಳ್ವಾಸ್ ಶಿಕ್ಷಣ ಸಂಸ್ಥೆಗಳು ವಿದ್ಯಾಗಿರಿಯಲ್ಲಿ ಬೆಳೆದದ್ದು ಕಳೆದ ಮೂರು ದಶಕಗಳಲ್ಲಿ. ಇಲ್ಲಿನ ವಿಶೇಷವೆಂದರೆ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಸಂಸ್ಥೆಯ ಹಾಸ್ಟೆಲುಗಳಲ್ಲೇ ಇರುತ್ತಾರೆ. ವಾರದ ದಿನಗಳಲ್ಲಿ ಪೇಟೆಯಲ್ಲಿ ಅವರು ಅಷ್ಟಾಗಿ ಕಾಣುವುದಿಲ್ಲ. ಬಿಡುವಿನ ದಿನಗಳಲ್ಲಿ ಗುಂಪುಗುಂಪಾಗಿ ಬಂದು ಸೋಪು, ಪೆನ್ನು, ಬಿಸ್ಕತ್ತು ಕೊಂಡು ಹೋಗುತ್ತಾರೆ. ಇದರಿಂದ ಸಂಸಾರಸ್ಥರಿಗೆ ಎರಡು ಲಾಭ: ಬಾಡಿಗೆ ತಲೆಲೆಕ್ಕಕ್ಕೆ ಏರಿಲ್ಲ, ಮೇಲಿನ ಮಹಡಿಯಲ್ಲಿ ನಡುರಾತ್ರಿಯ ಸದ್ದಿಲ್ಲ. ಇದೇ ಕಾರಣಕ್ಕೆ ಪಿಜಿ ಕಟ್ಟಬೇಕೆನ್ನುವವರಿಗೆ ಇದು ತಕ್ಕ ಊರಲ್ಲ.

ಅಕ್ಕನ ಮನೆಯಲ್ಲಿ ಸ್ವಂತ ಬಾವಿಯಿದೆ, ಹಿತ್ತಲಿನಲ್ಲಿ ಏಳು ತೆಂಗು, ಒಂದು ಹಲಸು. ಸರ್ಕಾರಿ ನೌಕರಿಯ ಪಿಂಚಣಿಯಲ್ಲಿ ಇಂಥ ಮನೆಯನ್ನು ನೋಡಿಕೊಳ್ಳಲು ಸಾಧ್ಯವಿರುವುದು ಮೂರರಲ್ಲಿ ಇಲ್ಲಿ ಮಾತ್ರ ಎಂದು ಆಕೆ ಹೇಳುವುದು ನಿಜವೇ. ಡಿಸೆಂಬರಿನ ಆಸುಪಾಸಿನಲ್ಲಿ ನಡೆಯುವ ಆಳ್ವಾಸ್ ವಿರಾಸತ್‌ನಲ್ಲಿ ದೇಶದ ದೊಡ್ಡ ಕಲಾವಿದರು ಮನೆಬಾಗಿಲಿಗೆ ಬರುತ್ತಾರೆ. ಉಳಿದ ದಿನಗಳು ಶಾಂತ. ಆದರೆ ರೈಲಿಲ್ಲ. ದೊಡ್ಡ ಕಾಯಿಲೆಗೆ ಸುಮಾರು 35 ಕಿಲೋಮೀಟರ್ ದೂರದ ಮಂಗಳೂರಿಗೇ ಹೋಗಬೇಕು. ಅಕ್ಕನ ಯಜಮಾನರಿಗೆ ಒಂದು ರಾತ್ರಿ ಎದೆನೋವು ಬಂದಾಗ, ಆಂಬುಲೆನ್ಸು ತಿರುವುಗಳಲ್ಲಿ ನಿಧಾನವಾಗಿ ಸಾಗಿದ ಆ ಒಂದು ಗಂಟೆಯನ್ನು ಅಕ್ಕ ಇಂದಿಗೂ ಮರೆತಿಲ್ಲ. ಭಾವ ಉಳಿದರು. ಆದರೂ ಹೃದಯದ ತೊಂದರೆ ಇರುವವರಿಗೆ ನಾನು ಈ ಊರನ್ನು ಸೂಚಿಸಲಾರೆ.

ಇದೇ ಬಗೆಯ ಇನ್ನೊಂದು ಊರು ಬೆಳ್ತಂಗಡಿ ತಾಲ್ಲೂಕಿನ ಉಜಿರೆ. 1966ರಲ್ಲಿ ಆರಂಭವಾದ ಎಸ್‌ಡಿಎಂ ಕಾಲೇಜು ಅಲ್ಲಿದೆ, ಧರ್ಮಸ್ಥಳ ಹತ್ತಿರ, ಚಾರ್ಮಾಡಿ ಘಾಟಿಯಿಂದ ಮೇಲೇರಿದರೆ ಮಲೆನಾಡು. ಮೂಡುಬಿದಿರೆಗಿಂತಲೂ ಚಿಕ್ಕದು, ಮಂಗಳೂರು ಇನ್ನೂ ದೂರ, ಮಳೆಗಾಲದಲ್ಲಿ ಘಾಟಿಯ ದಾರಿಯಲ್ಲಿ ಗುಡ್ಡ ಕುಸಿಯುವುದೂ ಉಂಟು.

ಮೈಸೂರನ್ನು ಏಕೆ ಸೇರಿಸಿಲ್ಲ ಎಂದು ಕೆಲವರು ಕೇಳಬಹುದು. 1916ರಲ್ಲಿ ಹುಟ್ಟಿದ ವಿಶ್ವವಿದ್ಯಾಲಯ, ಮಾನಸಗಂಗೋತ್ರಿ, ಕುಕ್ಕರಹಳ್ಳಿ ಕೆರೆಯ ಏರಿಯ ಮೇಲಿನ ನಡಿಗೆ ಎಲ್ಲವೂ ಇವೆ. ಸರಸ್ವತಿಪುರಂನಲ್ಲಿ ಇದ್ದವರಿಗೆ ಅದೂ ಕಾಲೇಜು ಊರೇ. ಆದರೆ ಮೈಸೂರು ಒಂದು ದೊಡ್ಡ ನಗರ, ಅಲ್ಲಿನ ನಿವೇಶನದ ಬೆಲೆ ನಿರ್ಧಾರವಾಗುವುದು ವಿಶ್ವವಿದ್ಯಾಲಯದಿಂದಲ್ಲ, ಬೆಂಗಳೂರಿನ ಹೆದ್ದಾರಿಯಿಂದ. ಅಷ್ಟು ಹಣವಿದ್ದವರಿಗೆ ಈ ಹೋಲಿಕೆಯ ಅಗತ್ಯವೇ ಬೀಳದು.

ಯಾರಿಗೆ ಯಾವುದು

ನಿವೃತ್ತ ದಂಪತಿಗೆ ನಾನು ಹೇಳಿದ್ದು ಇಷ್ಟು: ಇಬ್ಬರ ಆರೋಗ್ಯವೂ ಚೆನ್ನಾಗಿದ್ದು, ಮಾತು, ಸಂಗೀತ, ಪುಸ್ತಕಗಳು ಬೇಕೆನಿಸಿದರೆ ಧಾರವಾಡ. ಇಬ್ಬರಲ್ಲಿ ಒಬ್ಬರಿಗಾದರೂ ತಿಂಗಳು ತಿಂಗಳು ತಜ್ಞರನ್ನು ಕಾಣಬೇಕಾದ ಕಾಯಿಲೆಯಿದ್ದರೆ ಮಣಿಪಾಲ, ಆದರೆ ಗುಡ್ಡದ ಮೇಲಲ್ಲ, ಅಲೆವೂರಿನಲ್ಲೋ ಪರ್ಕಳದಲ್ಲೋ, ಬಾವಿಯಿರುವ ಮನೆಯಲ್ಲಿ. ಗಿಡಮರ, ಹಿತ್ತಲು, ಮೌನಗಳೇ ಮುಖ್ಯವಾಗಿದ್ದು ಕರಾವಳಿಯ ಸೆಕೆ ಒಗ್ಗುವುದಾದರೆ ಮೂಡುಬಿದಿರೆ.

ಕೆಲಸ ಹುಡುಕುತ್ತಿರುವ ಯುವಕ ಮನೆಗಿಂತ ಮೊದಲು ಕೆಲಸದ ಕರಾರನ್ನು ನೋಡಬೇಕು. ಒಂದೇ ಸಂಸ್ಥೆಯಿರುವ ಊರಿನಲ್ಲಿ ಕೆಲಸ ಬಿಟ್ಟರೆ ಊರನ್ನೂ ಬಿಡಬೇಕಾಗುತ್ತದೆ. ಧಾರವಾಡ ಮತ್ತು ಹುಬ್ಬಳ್ಳಿಗಳಲ್ಲಿ ಇನ್ನೊಂದು ಕಾಲೇಜಿನ ಬಾಗಿಲು ತಟ್ಟಬಹುದು, ಮಗುವಿನ ಶಾಲೆ ಬದಲಾಗುವುದಿಲ್ಲ. ಸಂಬಳ ಹೆಚ್ಚಿರುವ ಕಡೆ ಬಾಡಿಗೆಯೂ ಹೆಚ್ಚು ಎಂಬುದನ್ನು ಕೂಡಿಸಿ ಕಳೆದು ನೋಡಿದರೆ ಮೊದಲಿಗೆ ಕಂಡ ವ್ಯತ್ಯಾಸ ಬಹುತೇಕ ಕರಗುತ್ತದೆ. ಹೆಂಡತಿಯ ಕೆಲಸಕ್ಕೆ ಕರೆಂಟು, ಇಂಟರ್ನೆಟ್ಟು ಬೇಕೇ ಬೇಕಾದ್ದರಿಂದ, ಕರಾವಳಿಯ ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿಯುವುದು ಅಪರೂಪವಲ್ಲ ಎಂಬುದನ್ನೂ ಎಣಿಸಬೇಕು. ಅಲ್ಲಿ ಮನೆ ಮಾಡಿದರೆ ಇನ್ವರ್ಟರಿನ ಖರ್ಚು ಮೊದಲ ತಿಂಗಳಿನದೇ.

ಪಿಜಿ ಕಟ್ಟುವ ಯೋಚನೆಯವರ ಬಗ್ಗೆ ನನಗೆ ನಿಜವಾದ ಕಾಳಜಿಯಿದೆ, ಏಕೆಂದರೆ ಅವರು ಹೂಡುವುದು ಹಿರಿಯರ ಹೊಲ ಮಾರಿದ ಹಣ. 2020ರ ಮಾರ್ಚ್‌ನಲ್ಲಿ ಕಾಲೇಜುಗಳು ಒಂದೇ ವಾರದಲ್ಲಿ ಖಾಲಿಯಾದಾಗ, ಸಾಲ ಮಾಡಿ ಕಟ್ಟಡ ಎಬ್ಬಿಸಿದ್ದವರು ನನ್ನ ಮೇಜಿನ ಎದುರು ಬಂದು ಕೂತರು. ಮಕ್ಕಳು ಮರಳಿ ಬರುವವರೆಗೆ ಕೋಣೆಗಳಿಂದ ಒಂದು ರೂಪಾಯಿ ಬರಲಿಲ್ಲ, ಬಡ್ಡಿ ಮಾತ್ರ ಬೆಳೆಯಿತು. ಅಂಥದ್ದು ಮತ್ತೆ ಬರದಿರಲಿ. ಆದರೆ ಸಾಧಾರಣ ವರ್ಷದಲ್ಲೂ ಆದಾಯವನ್ನು ಒಂಬತ್ತು ತಿಂಗಳಿಗೆ ಮಾತ್ರ ಲೆಕ್ಕ ಹಾಕಿ, ಕೋಣೆಗಳಲ್ಲಿ ಕಾಲು ಭಾಗ ಖಾಲಿಯಿರುತ್ತದೆಂದು ಹಿಡಿದು, ಬಂದ ಮೊತ್ತದಲ್ಲಿ ನೀರಿನ ಟ್ಯಾಂಕರು, ಅಡುಗೆಯವರ ಸಂಬಳ, ಸುಣ್ಣಬಣ್ಣಗಳನ್ನು ಕಳೆದ ಮೇಲೂ ಹನ್ನೆರಡು ತಿಂಗಳ ಕಂತಿಗೆ ಸಾಲುವುದಾದರೆ ಮಾತ್ರ ಮುಂದುವರಿಯಿರಿ. ಮಣಿಪಾಲದಲ್ಲಿ ತಲಾ ಬಾಡಿಗೆ ಹೆಚ್ಚು, ಆದರೆ ನಿವೇಶನವೂ ದುಬಾರಿ, ಸಂಸ್ಥೆಯೇ ಇನ್ನೊಂದು ಹಾಸ್ಟೆಲ್ ಕಟ್ಟಿದರೆ ನಿಮ್ಮ ಕೋಣೆಗಳು ಖಾಲಿಯಾಗಬಹುದು. ಧಾರವಾಡದಲ್ಲಿ ತಲಾ ಬಾಡಿಗೆ ಕಡಿಮೆ, ಆದರೆ ಬೇಡಿಕೆ ಹತ್ತಾರು ಕಡೆಯಿಂದ ಬರುತ್ತದೆ. ಸಾಲ ಕಡಿಮೆಯಿರುವವರಿಗೆ ಎರಡನೆಯದೇ ವಾಸಿ ಎಂಬುದು ನನ್ನ ಅಭಿಪ್ರಾಯ.

ಇನ್ನು ನೋಡಲು ಹೋಗುವ ಕಾಲ. ಮಣಿಪಾಲಕ್ಕೆ ಎರಡು ಸಲ ಹೋಗಿ: ಮೇ ತಿಂಗಳ ಎರಡನೆಯ ವಾರದಲ್ಲಿ ಒಮ್ಮೆ, ಬಾವಿಯೊಳಗೆ ಇಣುಕಿ ನೋಡಲು, ಜೂನ್ ಕೊನೆಯಲ್ಲಿ ಇನ್ನೊಮ್ಮೆ, ಮಳೆ ಮತ್ತು ಖಾಲಿ ಬೀದಿಗಳಲ್ಲಿ ಮೂರು ರಾತ್ರಿ ಕಳೆಯಲು. ವಿದ್ಯಾರ್ಥಿಗಳು ಬಿಟ್ಟುಹೋದ ಮನೆಗಳ ಬಾಡಿಗೆಯನ್ನು ಚೌಕಾಸಿ ಮಾಡಲೂ ಅದೇ ಸರಿಯಾದ ಹೊತ್ತು, ಆಗಸ್ಟಿನಲ್ಲಿ ಮಾಲೀಕರು ಮಾತಿಗೇ ಸಿಗುವುದಿಲ್ಲ. ಧಾರವಾಡಕ್ಕೆ ಏಪ್ರಿಲಿನಲ್ಲಿ ಹೋಗಿ, ಒಂದು ವಾರ ಪೂರ್ತಿ ಇದ್ದು ನೀರಿನ ದಿನ ಬರುವವರೆಗೆ ಕಾಯಿರಿ. ಮೂಡುಬಿದಿರೆಗೆ ಯಾವಾಗ ಹೋದರೂ ಆಗುತ್ತದೆ. ಆದರೆ ಮನೆ ನಿಶ್ಚಯಿಸುವ ಮೊದಲು ಒಂದು ರಾತ್ರಿ ಹತ್ತು ಗಂಟೆಗೆ ಕಾರು ತೆಗೆದು, ಆ ಮನೆಯ ಗೇಟಿನಿಂದ ಮಂಗಳೂರಿನ ಆಸ್ಪತ್ರೆಯ ಬಾಗಿಲಿನವರೆಗೆ ಎಷ್ಟು ನಿಮಿಷ ಹಿಡಿಯುತ್ತದೆಂದು ಗಡಿಯಾರ ನೋಡಿಕೊಂಡು ಬನ್ನಿ.